ಹಿಟ್ಟಿನ ತತ್ತಿ

ನಮ್ಮ ಅಡುಗೆಮನೆಯ ಒಲೆಕಟ್ಟೆ ಪೂರ್ವಕ್ಕೆ ಕೊಂಚ ವಾಲಿದೆ. ಕಣ್ಣಿಗೆ ಕಾಣುವಷ್ಟಲ್ಲ, ಆದರೆ ತವಾದ ಮೇಲೆ ಹುಯ್ದ ದೋಸೆ ಹಿಟ್ಟಿಗೆ ಅದು ಹೇಗೋ ತಿಳಿದುಬಿಡುತ್ತದೆ. ನಾನು ನಟ್ಟನಡುವೆ ಹುಯ್ದು, ಸೌಟಿನ ಬೆನ್ನಿನಿಂದ ಎಷ್ಟೇ ಏಕಾಗ್ರತೆಯಿಂದ ವೃತ್ತ ಬರೆದರೂ, ಕಾನ್ವೆಂಟಿನಲ್ಲಿ ಕಲಿತ ನನ್ನ ರೇಖಾಗಣಿತಕ್ಕೆ ಕಿಂಚಿತ್ತೂ ಗೌರವ ಕೊಡದೆ ಆ ಹಿಟ್ಟು ಮೂಡಣ ದಿಕ್ಕಿಗೆ ಒಂದು ಮೂಗನ್ನು ಚಾಚಿ ಕುಳಿತಿರುತ್ತದೆ. ಕಟ್ಟೆ ಕಟ್ಟಿಸುವಾಗ ಗೌಂಡಿಯ ಪಕ್ಕದಲ್ಲೇ ನಿಂತು ಮೇಲ್ವಿಚಾರಣೆ ನಡೆಸಿದ ನಮ್ಮ ಮನೆಯವರು ದಿನವೂ ಮೊದಲು ಆ ಮೂಗನ್ನೇ ಮುರಿದು ಬಾಯಿಗೆ ಹಾಕಿಕೊಂಡು, ಹೀಗೆ ಸಾಕ್ಷ್ಯವನ್ನು ನಾಶಮಾಡಿದ ಮೇಲೆಯೇ ಉಳಿದ ದೋಸೆಗೆ ಕೈಹಚ್ಚುತ್ತಾರೆ. ಒಲೆಯ ಕಾಲಿನ ಕೆಳಗೆ ಒಂದು ಬಿಲ್ಲೆ ಇಟ್ಟರೆ ಸರಿಹೋಗುತ್ತದೆ ಎಂದು ಅವರು ಹೇಳುತ್ತ ಬಂದು ಎಷ್ಟೋ ವರ್ಷಗಳಾದವು. ಬಿಲ್ಲೆ ಇನ್ನೂ ಬಂದಿಲ್ಲ.

ಬಿಲ್ಲೆಯ ಬದಲು ಈ ವರ್ಷ ಬಂದದ್ದು ಒಂದು ಹೊಸ ತವಾ, ಮತ್ತು ಅದರ ಜೊತೆ ಉಚಿತವಾಗಿ ನಾಲ್ಕು ಉಕ್ಕಿನ ಬಳೆಗಳು. ಒಂದೊಂದಕ್ಕೂ ನೆಟ್ಟಗೆ ನಿಲ್ಲುವ, ಬೇಡವಾದಾಗ ಮಡಚಿಕೊಳ್ಳುವ ತಂತಿಯ ಹಿಡಿಕೆ. ಕಾದ ತವಾದ ಮೇಲೆ ಈ ಬಳೆಯನ್ನಿಟ್ಟು ಅದರೊಳಗೆ ಮೊಟ್ಟೆ ಒಡೆದರೆ, ಬಿಳಿಭಾಗ ಊರೂರು ಅಲೆಯದೆ ಹುಣ್ಣಿಮೆಯ ಚಂದ್ರನಂತೆ ದುಂಡಗೆ ಬೇಯುತ್ತದೆ ಎಂಬುದು ಅದರ ಉದ್ದೇಶ. ಕಳಿಸಿದ ಕಂಪನಿಯವರಿಗೆ ನಮ್ಮ ಮನೆಯ ವಿಷಯ ಹೇಗೆ ಗೊತ್ತಿರಬೇಕು? ಬಸವಕಲ್ಯಾಣದ ಈ ಮನೆಯ ಹೊಸ್ತಿಲೊಳಗೆ ಮೊಟ್ಟೆ ಇರಲಿ, ಮೊಟ್ಟೆಯೆಂಬ ಶಬ್ದವೂ ಸುಲಭವಾಗಿ ಬರುವಂತಿಲ್ಲ. ನಮ್ಮತ್ತೆ ಲಿಂಗಪೂಜೆಯಾಗದೆ ಗುಟುಕು ನೀರನ್ನೂ ಮುಟ್ಟದವರು. ತವಾದ ಡಬ್ಬಿಯ ಮೇಲೆ ಬಿಳಿಯ ನಡುವೆ ಹಳದಿ ಮಿನುಗುವ ಒಂದು ದೊಡ್ಡ ಚಿತ್ರವಿತ್ತು. ಅದನ್ನು ಗೋಡೆಯ ಕಡೆ ತಿರುಗಿಸಿಡುವಷ್ಟರಲ್ಲಿ ಅವರೇ ಬಂದು ನಿಂತಿದ್ದರು.

"ಇವೇನ ಜಗದೇವಿ, ಇಷ್ಟು ದೊಡ್ಡ ಕಡಗ? ಯಾ ಪೈಲ್ವಾನನ ಹೆಂಡ್ತಿಗಿ ಮಾಡ್ಯಾರ?"

"ಕೈಗಿ ಅಲ್ರೀ ಅತ್ತಿ, ತವಾಕ್ಕ. ದ್ವಾಸಿ ದುಂಡಗ ಆಗ್ಲಿ ಅಂತ."

ಅವರು ಡಬ್ಬಿಯನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಮತ್ತ ಇದೇನದು? ಸೇವಂತಿಗಿ ಹೂವೇನ?"

ಅವರ ಕಣ್ಣಿಗೆ ಪೊರೆಯ ಆಪರೇಶನ್ ಆಗಿದೆ. ನಾನು "ಹೌದ್ರೀ" ಎಂದೆ.

ಅಂದಿನಿಂದ ನಮ್ಮ ಮನೆಯಲ್ಲಿ ಅವುಗಳ ಹೆಸರು ಕಡಗ. ರವೆಯ ಉತ್ತಪ್ಪ ಅದರಲ್ಲಿ ನಾಣ್ಯದಂತೆ ಅಚ್ಚುಕಟ್ಟಾಗಿ ಏಳುತ್ತದೆ. ಜೋಳದ ಹಿಟ್ಟಿನ ಥಾಲಿಪೆಟ್ಟು ಅಂಚು ಹರಿಯದೆ ಬರುತ್ತದೆ. ಕಡಗದ ಒಳಮೈಗೆ ಎಣ್ಣೆ ಸವರಬೇಕು, ಹಿಟ್ಟು ಹುಯ್ದ ಕ್ಷಣ ಹಿಡಿಕೆಯನ್ನು ಮೇಲಿನಿಂದ ಒತ್ತಿ ಹಿಡಿಯಬೇಕು, ಅಂಚು ಬಣ್ಣಗೂಡಿದ ಮೇಲಷ್ಟೇ ಕಡಗ ಎತ್ತಬೇಕು. ಅವಸರ ಮಾಡಿದರೆ ಅಡಿಯಿಂದ ಹಿಟ್ಟು ನುಸುಳಿ ಮತ್ತೆ ಪೂರ್ವಾಭಿಮುಖವಾಗಿ ಹೊರಡುತ್ತದೆ. ಈ ಶಾಸ್ತ್ರವೆಲ್ಲ ನನಗೆ ಹೊಸ ಡಬ್ಬಿಯ ಚೀಟಿಯಿಂದ ಬಂದದ್ದಲ್ಲ. ಮೊದಲ ದಿನ ಎಣ್ಣೆ ಸವರಿದ ಉಕ್ಕು ಕಾದು ಅದರ ವಾಸನೆ ಮೇಲೆದ್ದಾಗ, ನಾನು ಕೈಯಲ್ಲಿ ಸೌಟು ಹಿಡಿದುಕೊಂಡೇ ಹುಮನಾಬಾದಿಗೆ ಹೋಗಿಬಿಟ್ಟಿದ್ದೆ.

ಹುಮನಾಬಾದಿನ ಕಾನ್ವೆಂಟಿನ ಹಾಸ್ಟೆಲಿಗೆ ನಮ್ಮಪ್ಪ ನನ್ನನ್ನು ಸೇರಿಸಿದ್ದು ಹುಲಸೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ತನ್ನ ಮಗಳೊಬ್ಬಳಾದರೂ ಇಂಗ್ಲಿಷಿನಲ್ಲಿ ಮಾತಾಡಲಿ ಎಂಬ ಮಹತ್ವಾಕಾಂಕ್ಷೆಯಿಂದ. ಆ ಇಂಗ್ಲಿಷು ಈಗ ಔಷಧದ ಚೀಟಿಗಳನ್ನೂ ಉಪ್ಪಿನಕಾಯಿ ಬಾಟಲಿಗಳ ಹಿಂಬದಿಯನ್ನೂ ಓದುವುದಕ್ಕೆ ಸಾರ್ಥಕವಾಗಿ ಬಳಕೆಯಾಗುತ್ತಿದೆ. ಹಾಸ್ಟೆಲಿನಲ್ಲಿ ಭಾನುವಾರದ ನಾಷ್ಟಾಕ್ಕೆ ಡಬಲ್ ರೊಟ್ಟಿ, ಅಂದರೆ ಬ್ರೆಡ್ಡು, ಮತ್ತು ಮೊಟ್ಟೆ. ನಮ್ಮ ಕಡೆ ಮೊಟ್ಟೆಗೆ ತತ್ತಿ ಎನ್ನುತ್ತಾರೆ. ಕೋಳಿಗಳಿಗೆ ಸಮಾನತೆಯ ಪಾಠ ಯಾರೂ ಮಾಡಿರಲಿಲ್ಲವಾಗಿ, ಒಂದು ತತ್ತಿ ದೊಡ್ಡದು ಒಂದು ಸಣ್ಣದು, ಹುಡುಗಿಯರಲ್ಲಿ ಜಗಳ. ಅಡುಗೆಯ ಸಲೋಮಿ ಆಯಿ ತಗಡಿನ ಕೆಲಸದವನಿಂದ ಎಣ್ಣೆಡಬ್ಬಿ ಕತ್ತರಿಸಿ ಬಳೆಗಳನ್ನು ಮಾಡಿಸಿಕೊಂಡು ಬಂದಳು. ಆಮೇಲೆ ಎಲ್ಲರ ತಟ್ಟೆಯಲ್ಲೂ ಒಂದೇ ಅಳತೆಯ ದುಂಡು ತತ್ತಿ. ಅಗಲದಲ್ಲಿ ಸಮಾನತೆ, ದಪ್ಪದಲ್ಲಿ ದೈವೇಚ್ಛೆ.

ಎಲ್ಲರ ತಟ್ಟೆಯಲ್ಲಿ ಎಂದೆನಲ್ಲ, ನನ್ನದನ್ನು ಬಿಟ್ಟು. ತತ್ತಿ ತಿನ್ನದವರಿಗೆ ಗೋಡೆಯ ಕಡೆ ಒಂದು ಬೆಂಚು, ಅದರ ಮೇಲೆ ಬಾಳೆಹಣ್ಣು. ಉಳಿದ ದಿನಗಳಲ್ಲಿ ನಾನು ಕೂರುತ್ತಿದ್ದದ್ದು ತಸ್ಲೀಮಳ ಪಕ್ಕ. ಬಸವಕಲ್ಯಾಣದ ಬಳೆಗಾರರ ಮಗಳು ಅವಳು; ನಡೆದರೆ ಸದ್ದು, ನಕ್ಕರೆ ಸದ್ದು, ಪ್ರಾರ್ಥನೆಗೆ ಕೈ ಮುಗಿದರೂ ಸದ್ದು. ಭಾನುವಾರ ಮಾತ್ರ ಆ ಸದ್ದು ಕೋಣೆಯ ಆಚೆ ತುದಿಯಿಂದ ಕೇಳುತ್ತಿತ್ತು. ನನಗೆ ತತ್ತಿಯ ಆಸೆ ಖಂಡಿತ ಇರಲಿಲ್ಲ. ಆದರೆ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತ ನಾನು ಅತ್ತದ್ದುಂಟು, ಮತ್ತು ಅದನ್ನು ಸಲೋಮಿ ಆಯಿ ನೋಡಿದ್ದುಂಟು.

"ಅಳಬ್ಯಾಡವ್ವಾ," ಎಂದಳು ಅವಳು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ನಿನಗೂ ಒಂದು ತತ್ತಿ ಮಾಡ್ತೀನಿ. ಅದಕ್ಕ ಕೋಳಿ ಬ್ಯಾಡ."

ಮುಂದಿನ ಭಾನುವಾರ ದೋಸೆಯ ಬೇರೆ ಹಂಚನ್ನು ಒಲೆಗೇರಿಸಿ, ಒಂದು ಬಳೆಯನ್ನು ತೊಳೆದು ಅದರ ಮೇಲಿಟ್ಟು, ಒಳಗೆ ದೋಸೆ ಹಿಟ್ಟು ಹುಯ್ದಳು. ಅದು ಅರೆಬೆಂದಾಗ ಚಮಚದ ಬೆನ್ನಿನಿಂದ ನಡುವೆ ಒಂದು ಗುಳಿ ಮಾಡಿ, ಅರಿಶಿನ ಹಾಕಿ ಕಲಸಿದ ಕಡಲೆ ಹಿಟ್ಟನ್ನು ಆ ಗುಳಿಗೆ ಇಳಿಸಿ, ಮುಚ್ಚಳ ಮುಚ್ಚಿದಳು. ತೆಗೆದಾಗ ಬಿಳಿಯ ನಡುವೆ ಹಳದಿ! ಮೇಲೆ ಕರಿಮೆಣಸಿನ ಪುಡಿಯೂ ಬಿತ್ತು. ಆ ತಟ್ಟೆ ಹಿಡಿದು ನಾನು ಗೋಡೆಯ ಬೆಂಚನ್ನು ದಾಟಿ ತಸ್ಲೀಮಳ ಪಕ್ಕದಲ್ಲಿ ಹೋಗಿ ಕುಳಿತೆ. ಸಿಸ್ಟರ್ ನೋಡಿದರು, ನೋಡಿ ಮುಂದಿನ ಸಾಲಿಗೆ ಹೋದರು. ದೂರದಿಂದ ಸಾಲಿನಲ್ಲಿ ಯಾರ ತಟ್ಟೆ ಯಾವುದೆಂದು ಹೇಳುವಂತಿರಲಿಲ್ಲ. ಜೀವನದಲ್ಲಿ ನಾನು ಮೆಟ್ಟಿಲುಗಳನ್ನು ಹತ್ತಿದ್ದು ಕಡಿಮೆ. ಹತ್ತಿದವುಗಳಲ್ಲಿ ಆ ಬೆಂಚಿನಿಂದ ಈ ಬೆಂಚಿಗೆ ಬಂದದ್ದೇ ಎತ್ತರದ್ದು.

ಒಮ್ಮೆ ತಗಡಿನ ಒಂದು ಬಳೆ ಕಳೆದುಹೋಯಿತು. ಆಯಿ ನೀರಿಗೆ ಹೋದಾಗ ತಸ್ಲೀಮ್ ಹಿಂದುಮುಂದು ನೋಡದೆ ತನ್ನ ಕೈಯಿಂದ ದಪ್ಪನೆಯ ಅರಗಿನ ಬಳೆ ತೆಗೆದು, "ಇದರಾಗ ನಿಂದು ಮಾಡಮು" ಎಂದು ಕಾದ ಹಂಚಿನ ಮೇಲೆ ಇಟ್ಟಳು. ಕೆಂಪು ಅರಗು, ಅದಕ್ಕೆ ಅಂಟಿಸಿದ ಸಣ್ಣ ಸಣ್ಣ ಕನ್ನಡಿಚೂರುಗಳು. ಕ್ಷಣದಲ್ಲಿ ಬಳೆ ಕರಗಿ, ಹಂಚಿನ ತುಂಬ ಹೊಳೆಯುವ ಕೆಂಪು ನದಿಯೊಂದು ಹರಿಯಿತು. ಹೊಗೆಗೆ ಸಿಸ್ಟರ್ ಓಡಿ ಬಂದರು. ಬಳೆಗಾರರ ಮಗಳಾಗಿ ಇಷ್ಟೂ ತಿಳಿಯದೇ ಎಂದು ಕೇಳಿದರೆ ಅವಳ ಉತ್ತರ: "ದಿನಾ ನಮ್ಮ ಅಬ್ಬಾ ಅದನ್ನ ಬೆಂಕಿ ಮ್ಯಾಲೇ ಹಿಡೀತಾರ್ರೀ ಸಿಸ್ಟರ್. ಬಳಿಗಿ ಬೆಂಕಿ ಪರಿಚಯ ಅದ ಅಂದ್ಕೊಂಡೆ." ಬೆಂಕಿಯ ಪಕ್ಕದಲ್ಲೇ ಬೆಳೆದವಳಿಗಲ್ಲದೆ ಬೇರೆ ಯಾರಿಗೆ ಇಂಥ ತಪ್ಪು ಹೊಳೆದೀತು? ಸಿಸ್ಟರ್ ನಗೆ ತಡೆಯಲು ತಮ್ಮ ಶಿಲುಬೆಯನ್ನು ಬಿಗಿಯಾಗಿ ಹಿಡಿದುಕೊಂಡು, ಹಂಚು ಉಜ್ಜುವ ಶಿಕ್ಷೆ ಕೊಟ್ಟು ಹೋದರು. ಸಂಜೆಯವರೆಗೆ ಇಬ್ಬರೂ ಬೂದಿ ಹಾಕಿ ಉಜ್ಜಿದೆವು. ಆ ಹಂಚಿನಲ್ಲಿ ಬಹುಕಾಲ ಒಂದು ಕನ್ನಡಿಚೂರು ಮಿನುಗುತ್ತಲೇ ಇತ್ತು.

ಮುಂದೆ ವಿಧಿ ಒಂದು ವಿನಿಮಯ ನಡೆಸಿತು. ಅವಳ ಊರಿಗೆ ನಾನು ಸೊಸೆಯಾಗಿ ಬಂದೆ. ನಮ್ಮ ಶಾಲೆಯ ಊರಿಗೆ ಅವಳು ಸೊಸೆಯಾಗಿ ಹೋದಳು. ನಡುವೆ ಒಂದು ಹೆದ್ದಾರಿ, ಮತ್ತು ಕಡಲೆಕಾಯಿ ತಿಂದು ಮುಗಿಸುವಷ್ಟರಲ್ಲಿ ಮುಗಿಯುವ ಬಸ್ಸಿನ ಪ್ರಯಾಣ. ಆದರೂ ಒಬ್ಬರ ಮನೆಗೊಬ್ಬರು ಹೋಗಲಿಲ್ಲ. ಜಗಳವಲ್ಲ, ಮುನಿಸಲ್ಲ. ನಮ್ಮ ಕಡೆ ಮನೆಗೆ ಬಂದವರನ್ನು ಖಾಲಿ ಬಾಯಲ್ಲಿ ಕಳಿಸುವುದು ಎಷ್ಟು ದೊಡ್ಡ ಅವಮಾನವೋ, ಕೊಟ್ಟದ್ದನ್ನು ಮುಟ್ಟದೆ ಎದ್ದು ಬರುವುದು ಅದಕ್ಕಿಂತ ದೊಡ್ಡದು. ಅವರ ಮನೆಯಲ್ಲಿ ನಾನು ಏನನ್ನೂ ಮುಟ್ಟುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆಯೆಂದು ನನಗೆ ಗೊತ್ತಿತ್ತು. ಹೀಗೆ ಪರಸ್ಪರರ ಮರ್ಯಾದೆ ಕಾಯುತ್ತ ಕಾಯುತ್ತ ನಮ್ಮ ಕೂದಲು ಬೆಳ್ಳಗಾದವು. ಕಲಬುರಗಿಗೆ ಹೋಗುವಾಗೆಲ್ಲ ಬಸ್ಸು ಹುಮನಾಬಾದಿನಲ್ಲಿ ನಿಲ್ಲುತ್ತದೆ. ನಾನು ಕಿಟಕಿಯಿಂದ ತಲೆ ಹೊರಹಾಕಿ ನಿಲ್ದಾಣದ ಜನರಲ್ಲಿ ಬಳೆಯ ಸದ್ದೊಂದನ್ನು ಹುಡುಕುತ್ತೇನೆ; ಕಂಡಕ್ಟರು ಸೀಟಿ ಊದುತ್ತಾನೆ; ಮತ್ತೆ ತಲೆ ಒಳಗೆ.

ಮೊಬೈಲುಗಳಿಲ್ಲವೇ ಎಂದು ನೀವು ಕೇಳಬಹುದು. ಇವೆ. ಯುಗಾದಿಗೆ ಅವಳಿಂದ ಗುಲಾಬಿಯ ಚಿತ್ರ, ಈದಿಗೆ ನನ್ನಿಂದ ಚಂದ್ರನ ಚಿತ್ರ. ಪಕ್ಕ ಕೂತು ಒಂದೇ ಸಾಲಿನಲ್ಲಿ ತಿಂದವರಿಗೆ ಚಿತ್ರದ ಗುಲಾಬಿ ಎಷ್ಟೆಂದು ಸಾಲೀತು? ಅದಕ್ಕಿಂತ ನನಗೆ ಹಿತವಾದ ಟಪಾಲು ಬೇರೊಂದಿತ್ತು. ಇಲ್ಲಿ ತಸ್ಲೀಮಳ ತವರಿನ ಬಳೆ ಅಂಗಡಿಯನ್ನು ಈಗ ಅವಳ ತಮ್ಮ ಖಾಜಾ ನೋಡಿಕೊಳ್ಳುತ್ತಾನೆ. ಪಂಚಮಿಯ ಮುಂದೆ ನಾನು ಬಳೆ ಇಡಿಸಿಕೊಳ್ಳಲು ಹೋದರೆ, "ಆಪಾ ಫೋನ್ ಮಾಡಿದ್ಲರೀ ಅಕ್ಕಾ. ಜಗ್ಗಿಗಿ ಹಸರು ಕೊಡು, ಕೆಂಪು ಆಕಿಗಿ ಒಪ್ಪಂಗಿಲ್ಲ ಅಂದಾಳ" ಎನ್ನುತ್ತಾನೆ. ನನಗೆ ಕೆಂಪೇ ಇಷ್ಟ. ಆದರೂ ವರ್ಷವರ್ಷವೂ ಹಸಿರೇ ಇಟ್ಟುಕೊಂಡು ಬರುತ್ತೇನೆ.

ಈ ಸಲ ಖಾಜಾ ಬಳೆ ಏರಿಸುತ್ತ ತಲೆ ಎತ್ತದೆ ಅಕ್ಕ-ಭಾವನ ಸುದ್ದಿ ಹೇಳಿದ: "ಅಕ್ಕಾ, ಆಪಾ ಹುಮನಾಬಾದ ಬಿಡಾಕತ್ತಾಳ್ರಿ. ದೂಲ್ಹಾಭಾಯಿದು ನೌಕ್ರಿ ಮುಗೀತು, ಹೈದರಾಬಾದದಾಗ ಮನಿ ಮಾಡ್ಯಾರ. ಮುಂದಿನ ವಾರ ಸಾಮಾನೆಲ್ಲಾ ಹೋಗ್ತದ."

ಹುಮನಾಬಾದು ಹತ್ತಿರವಿದೆಯೆಂಬ ಒಂದೇ ಧೈರ್ಯದ ಮೇಲೆ ನಾನು ಇಷ್ಟು ಕಾಲ ಹೋಗದೆ ಉಳಿದಿದ್ದೆ. ಯಾವಾಗ ಬೇಕಾದರೂ ಹೋಗಬಹುದಾದ ಊರು ಈಗ ಇನ್ನೆಂದೂ ಹೋಗದ ಊರಾಗುವುದರಲ್ಲಿತ್ತು. ಮನೆಗೆ ಬಂದು ಕಡಗದಲ್ಲಿ ಉತ್ತಪ್ಪ ಹುಯ್ದೆ, ಒತ್ತಿ ಹಿಡಿಯುವುದನ್ನು ಮರೆತೆ, ಹಿಟ್ಟು ಹೊರಟೇಬಿಟ್ಟಿತು. ಅಡುಗೆಮನೆಯ ಬಾಗಿಲಲ್ಲಿ ಕುಳಿತ ಅತ್ತೆಯವರಿಗೆ ಎಲ್ಲವನ್ನೂ ಹೇಳಿದೆ, ಗೋಡೆಯ ಬೆಂಚನ್ನೂ ಸಲೋಮಿ ಆಯಿಯನ್ನೂ ಅರಗಿನ ಬಳೆಯನ್ನೂ ಕೂಡ. ತತ್ತಿಯೆಂಬ ಶಬ್ದ ಬಂದಾಗ ಮಾತ್ರ ನಾಲಿಗೆ ತಡವರಿಸಿ "ಅದು" ಎಂದೆ.

ಅವರು ಅವರೆಕಾಯಿ ಸುಲಿಯುತ್ತಿದ್ದರು. ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಹೋಗಿ ಬಾ. ಖಾಲಿ ಕೈಲೆ ಹೋಗಬ್ಯಾಡ ಮತ್ತ. ಹಿಟ್ಟು ಒಯ್ಯಿ, ಕಡಗ ಒಯ್ಯಿ, ಈ ಹೊಸ ತವಾನೂ ಒಯ್ಯಿ. ಅಕೀಗಿ ಉಣ್ಣಿಸಿ ಬಾ."

"ಅವ್ರ ಮನ್ಯಾಗ ನನಗ ಏನರ ಕೊಟ್ರಂದ್ರ?"

"ನಾ ಏನು ನಿನ್ನ ಬೆನ್ನ ಹಿಂದ ಬರಾಕತ್ತೇನೇನ?" ಎಂದವರೇ ಮೊರವನ್ನು ಎತ್ತಿಕೊಂಡು ಒಳಗೆ ಹೋದರು.

ಹಾಗಾಗಿ ಖಾಜಾನಿಗೆ ಹೇಳಿಟ್ಟು, ಒಂದು ಮುಂಜಾನೆ ನಾನು ಚೀಲದಲ್ಲಿ ತವಾ, ಕಡಗ, ಪುಟ್ಟ ಡಬ್ಬಿಯಲ್ಲಿ ಕಡಲೆ ಹಿಟ್ಟು, ಮಡಿಲಲ್ಲಿ ದೋಸೆ ಹಿಟ್ಟಿನ ದೊಡ್ಡ ಡಬ್ಬಿ ಇಟ್ಟುಕೊಂಡು ಬಸ್ಸೇರಿದೆ. ತವಾದ ಹಿಡಿಕೆ ಚೀಲದಿಂದ ಹೊರಗೆ ಇಣುಕುತ್ತಿತ್ತು. ಪಕ್ಕದಲ್ಲಿ ಕೊಹಿನೂರಿನ ಒಬ್ಬ ಹೆಣ್ಣುಮಗಳು. "ಎಲ್ಲಿಗಿ ಹೊಂಟೀರಿ ಬಾಯಿ, ತವಾ ತಗೊಂಡು? ಹೋಟ್ಲ ಹಾಕತೀರೇನ?" ಎಂದು ಕೇಳಿದಳು. ಗೆಳತಿಯ ಮನೆಗೆ ನಾಷ್ಟಾಕ್ಕೆ ಎಂದೆ. "ನಾಷ್ಟಾ ಮಾಡಾಕ ಹೊಂಟೀರೋ, ತಿನ್ನಾಕೋ?" ಎಂದಳು. ಅದೇ ನನಗೂ ಗೊತ್ತಿರಲಿಲ್ಲ. ಬಿಸಿಲೇರಿತು, ಹಿಟ್ಟು ಹುದುಗಿ ಉಸಿರಾಡತೊಡಗಿತು, ಹುಮನಾಬಾದು ಬರುವಷ್ಟರಲ್ಲಿ ಮುಚ್ಚಳ ಟಪ್ಪೆಂದು ಹಾರಿ ನನ್ನ ಇಸ್ತ್ರಿಯ ಸೀರೆಗೆ ನೈವೇದ್ಯವಾಯಿತು. ಇಷ್ಟು ವರ್ಷಗಳ ಮೇಲೆ ಗೆಳತಿಯ ಬಾಗಿಲು ತಟ್ಟುವಾಗ ಹೇಗೆ ಕಾಣಬೇಕೆಂದು ಕಲ್ಪಿಸಿಕೊಂಡಿದ್ದೆನೋ, ಅದರ ಯಾವ ಲಕ್ಷಣವೂ ಉಳಿಯಲಿಲ್ಲ.

ಬಾಗಿಲು ತೆರೆದವಳು ಮೊದಲು ನೋಡಿದ್ದು ಸೀರೆಯನ್ನೇ.

"ಕ್ಯಾ ಗೇ ಜಗ್ಗಿ! ಇನ್ನಾ ಚೆಲ್ಲಕೋತೇ ತಿರಗತೀಯಲ್ಲ!"

ಅಷ್ಟೇ. ನಡುವಿನ ವರ್ಷಗಳನ್ನು ನಾವು ದಾಟಿದ್ದು ಹೀಗೆ. ಅವಳ ಕೈಯಲ್ಲಿ ಈಗ ಒಂದೊಂದೇ ಬಳೆ, ದಪ್ಪಗಾಗಿದ್ದಾಳೆ, ಮೊಣಕಾಲು ನೋವಂತೆ. ಮನೆಯ ತುಂಬ ಗಂಟುಗಳು, ಹಗ್ಗ ಕಟ್ಟಿದ ಡಬ್ಬಿಗಳು, ಪಟ ಇಳಿಸಿದ ಗೋಡೆಯ ಬೆಳ್ಳನೆಯ ಚೌಕಗಳು. ಅವಳ ಯಜಮಾನರು ಲಾರಿಯ ಮಾತಿಗೆ ಹೊರಗೆ ಹೋಗಿದ್ದರು. ಅಡುಗೆಮನೆಯಲ್ಲಿ ಕಟ್ಟದೆ ಉಳಿದದ್ದು ಒಂದು ಒಲೆ, ಒಂದು ಚಹಾದ ಪಾತ್ರೆ, ಎರಡು ಕಪ್ಪು. ಕಿಟಕಿಯ ಕಟ್ಟೆಯ ಮೇಲೆ ಒಂದು ತಟ್ಟೆ, ಅದರ ತುಂಬ ಬಾಳೆಹಣ್ಣು.

ನಾನು ಅದನ್ನೇ ನೋಡುತ್ತ ನಿಂತೆ. ಅವಳು ಸೆರಗು ಸರಿಪಡಿಸಿಕೊಂಡಳು. "ಏನ್ ಮಾಡ್ಲಿ, ನೀ ಬರ್ತೀ ಅಂತ ಖಾಜಾ ಹೇಳ್ದ. ನಿನಗ ಏನ್ ಕೊಡ್ಲಿ ಅಂತ ಯೋಚನಿ ಹತ್ತಿತ್ತು. ಕಡೀಗಿ ಇದಾದ್ರ ನಡೀತದ ಅಂತ..."

ಮತ್ತೆ ಗೋಡೆಯ ಬೆಂಚೇ. ಅವಳ ಅಕ್ಕರೆಯೇ ಅದನ್ನು ಹಾಕಿತ್ತು. ನಾನು ಚೀಲದಿಂದ ತವಾ ತೆಗೆದೆ, ಕಡಗಗಳನ್ನು ತೆಗೆದೆ. ಒಂದನ್ನು ಕೈಗೆತ್ತಿಕೊಂಡು ಅವಳು ತಿರುಗಿಸಿ ನೋಡಿದಳು, ಬಳೆಗಾರರ ಮನೆಯವಳಲ್ಲವೇ, ಬೆರಳಿನಿಂದ ಬಾರಿಸಿ ಸದ್ದನ್ನೂ ಕೇಳಿದಳು. ಆಮೇಲೆ ಕಣ್ಣರಳಿಸಿ, "ಹಿಟ್ಟಿನ ತತ್ತಿ!" ಎಂದಳು.

ಮೊದಲನೆಯದು ಕೆಟ್ಟಿತು. ಹಿಟ್ಟು ಅತಿಯಾಗಿ ಹುದುಗಿತ್ತು, ಅಡಿಯಿಂದ ನುಸುಳಿ ನಾಲ್ಕೂ ದಿಕ್ಕಿಗೆ ಹೋಯಿತು. "ಒತ್ತಿ ಹಿಡಿ ಗೇ, ಇಷ್ಟು ವರ್ಷ ಸಂಸಾರ ಹ್ಯಾಂಗ ಮಾಡಿದಿ ನೀ!" ಎಂದು ಬೈದು, ಅವಳೇ ಬಟ್ಟೆ ಸುತ್ತಿದ ಬೆರಳಿನಿಂದ ಎರಡು ಕಡಗಗಳನ್ನು ತವಾದ ಮೇಲಿಟ್ಟು ಒತ್ತಿ ಹಿಡಿದಳು. ನಾನು ಹುಯ್ದೆ, ಗುಳಿ ಮಾಡಿದೆ, ಹಳದಿ ಇಳಿಸಿದೆ. ಮುಚ್ಚಳವಿರಲಿಲ್ಲ, ಬಾಳೆಹಣ್ಣನ್ನು ಕೆಳಗಿಟ್ಟು ಅದೇ ತಟ್ಟೆಯನ್ನು ಬೋರಲು ಹಾಕಿದೆವು.

"ನಿನಗೊಂದು ಮಾತು ಹೇಳ್ಲೇನ?" ಎಂದಳು, ತಟ್ಟೆಯ ಅಂಚಿನಿಂದ ಏಳುವ ಆವಿಯನ್ನು ನೋಡುತ್ತ. "ನಂದು ಡಬಲ್ ರೊಟ್ಟಿಗಿ ಹಚ್ಚೂದ್ರಾಗ ಒಡದು ಹರದು ಹೋಗ್ತಿತ್ತು. ನಿಂದು ಹಳದಿ ಕಡೀತನಕ ಹಂಗೇ ನಡುವ ಕುಂತಿರ್ತಿತ್ತು. ಒಂದು ತುಕಡಿ ಕೇಳಬೇಕಂತ ಭಾಳ ಆಸಿ ಇತ್ತು."

"ಕೇಳಲಿಲ್ಲ ಯಾಕ?"

"ನಾ ಕೈ ಹಚ್ಚಿದ್ರ ನೀ ತಿಂತಿದ್ದೇನ?"

ನಾನು ಇಡೀ ಬಾಲ್ಯ ಆಚೆ ಸಾಲಿನ ತಟ್ಟೆಯನ್ನು ನೋಡಿದವಳು. ಪಕ್ಕಕ್ಕೆ ಹೋಗಿ ಕುಳಿತ ಮೇಲೆ ನನ್ನ ತಟ್ಟೆಯನ್ನೂ ಒಬ್ಬರು ನೋಡುತ್ತಿರಬಹುದೆಂದು ತಿಳಿಯಲಿಲ್ಲ. ತಟ್ಟೆ ಎತ್ತಿ, ಕಡಗ ಬಿಡಿಸಿ, ಎರಡನ್ನೂ ಅದೇ ಒಂದು ತಟ್ಟೆಗೆ ಹಾಕಿದೆ. ಬೇರೆ ತಟ್ಟೆಗಳೆಲ್ಲ ಗಂಟಿನಲ್ಲಿದ್ದವು. ಅವಳು ಅಂಚಿನಿಂದ ಶುರುಮಾಡಿ, ಹಳದಿಯನ್ನು ಕಡೆಯವರೆಗೆ ಉಳಿಸಿಕೊಂಡು, ಆಮೇಲೆ ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡಳು. "ಕಡ್ಲಿ ಹಿಟ್ಟಿನ ಝುಣಕದಂಗ ಅದ," ಎಂದಳು ತುಸು ನಿರಾಸೆಯಿಂದ. ಇಬ್ಬರೂ ನಕ್ಕ ನಗೆಗೆ ಖಾಲಿ ಮನೆ ಪ್ರತಿಧ್ವನಿಸಿತು. ನಗುತ್ತ ನಗುತ್ತ ಅವಳ ಬೆರಳು ನನ್ನ ತತ್ತಿಯ ಹಳದಿಯ ಮೇಲೂ ಬಂತು. ನಾನು ಉಳಿದದ್ದನ್ನು ತಿಂದೆ.

ಕೈ ತೊಳೆದು ತವಾವನ್ನು ಚೀಲಕ್ಕೆ ಹಾಕಿದೆ. ಬಸ್ಸಿನ ಹೊತ್ತಾಗುತ್ತಿತ್ತು. ಅವಳು ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಆ ಹಳೆಯ ಮರ್ಯಾದೆ ಅವಳ ಬಾಯಿ ಹಿಡಿದಿತ್ತು. ಹಾಗಾಗಿ ನಾನೇ ಕೇಳಿದೆ.

"ಚಹಾ ಮಾಡಂಗಿಲ್ಲೇನ?"

ಅವಳು ಚಹಾದ ಪಾತ್ರೆಗೆ ಕೈ ಹಾಕಿದಳು. "ಮಾಡ್ಲೇನ?"

"ಮಾಡು."

ಅವಳು ನನಗೆ ಬೆನ್ನು ಹಾಕಿ ಒಲೆ ಹಚ್ಚಿದಳು. ಕಡ್ಡಿ ಒಂದೇ ಸಲಕ್ಕೆ ಹೊತ್ತಲಿಲ್ಲ. ಏಲಕ್ಕಿ ಹಾಕಿ, ಬಹಳ ಹೊತ್ತು ಕುದಿಸಿ, ಎರಡು ಕಪ್ಪಿಗೆ ಸೋಸಿದಳು. ನಾನು ಕುಡಿದು ಮುಗಿಸುವವರೆಗೆ ತನ್ನದನ್ನು ಮುಟ್ಟದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಹೊರಡುವಾಗ ಎರಡು ಕಡಗಗಳನ್ನು ಅವಳ ಗಂಟೊಂದರೊಳಗೆ ತುರುಕಿದೆ. "ನಕ್ಕೋ ಗೇ, ನಕ್ಕೋ" ಎಂದು ಬೇಡ ಬೇಡವೆನ್ನುತ್ತಲೇ ಅವಳು ಆ ಗಂಟನ್ನು ಮತ್ತೊಮ್ಮೆ ಬಿಗಿದಳು.

ಸಂಜೆ ಅತ್ತೆಯವರು ತವಾವನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದರು. "ಚಹಾ ಕುಡದ್ಯೇನ?"

"ಕುಡದೆನ್ರೀ."

"ಸಕ್ಕರಿ ಜಾಸ್ತಿ ಹಾಕಿದ್ಲೇನ?"

"ಸ್ವಲ್ಪ ಜಾಸ್ತೀನೇ ಇತ್ರಿ."

"ಹ್ಞೂಂ," ಎಂದು ತವಾವನ್ನು ಮೊಳೆಗೆ ತೂಗುಹಾಕಿದರು. ಅದರ ಮೇಲೆ ಆ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಲಾರಿ ಹೋಯಿತೆಂದು ಖಾಜಾ ಹೇಳಿದ ಮರುದಿನ ಬೆಳಿಗ್ಗೆ ನಾನು ಎಂದಿನಂತೆ ದೋಸೆಗೆ ನಿಂತಿದ್ದೆ. ಅತ್ತೆಯವರು ಪೂಜೆ ಮುಗಿಸಿ ಬಂದು, "ಆ ಹುಡುಗಿ ತಿಂದದ್ದು ನನಗೂ ಒಂದು ಮಾಡು, ಹ್ಯಾಂಗಿರ್ತದ ನೋಡಾಮು" ಎಂದು ಕುಳಿತರು. ಮಾಡಿಕೊಟ್ಟೆ. ಅವರು ತಟ್ಟೆಯನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಡಬ್ಬಿ ಮ್ಯಾಲಿನ ಸೇವಂತಿಗಿ ಹಂಗೇ ಅರಳ್ಯಾದ ನೋಡು," ಎಂದರು. ಆ ಕಣ್ಣುಗಳಲ್ಲಿ ಪೊರೆಯ ಲವಲೇಶವೂ ಇರಲಿಲ್ಲ.

ಈಗ ತವಾದ ಅರ್ಧಕ್ಕೆ ಎರಡು ಕಡಗಗಳಿವೆ, ಉಳಿದರ್ಧ ಬಯಲು. ಕಡಗದೊಳಗಿನದು ದುಂಡಗೆ ಬೇಯುತ್ತದೆ. ಬಯಲಿನಲ್ಲಿ ಹುಯ್ದದ್ದು ತನ್ನ ಹಳೆಯ ಚಾಳಿಯಂತೆ ಪೂರ್ವಕ್ಕೆ ಮೂಗು ಚಾಚುತ್ತದೆ. ಹುಮನಾಬಾದು ನಮಗೆ ಪೂರ್ವಕ್ಕಿದೆ, ಹೆದ್ದಾರಿ ಹಿಡಿದು ಹಾಗೆಯೇ ಮುಂದೆ ಹೋದರೆ ಹೈದರಾಬಾದು. ಇಷ್ಟು ವರ್ಷ ಇದೇ ಕಟ್ಟೆಯ ಮುಂದೆ ನಿಂತವಳಿಗೆ ಅದು ಈಗ ಹೊಳೆಯಿತು. ನಿನ್ನೆ ನಮ್ಮ ಮನೆಯವರು ಎಲ್ಲಿಂದಲೋ, ಕೊನೆಗೂ, ಅಂಗೈಯಗಲದ ಒಂದು ಚಪ್ಪಟೆ ಕಲ್ಲುಬಿಲ್ಲೆಯನ್ನು ತಂದು, ಒಲೆಯ ಕಾಲು ಎತ್ತಲು ಬಗ್ಗಿದರು.

"ಇರ್ಲಿ ಬಿಡ್ರಿ," ಎಂದೆ, "ಅದು ಹೋಗೂ ಕಡಿಗಿ ಹೋಗ್ಲಿ."